ಹರಾಜಿನಲ್ಲಿ ಕೊಂಡ ಪೊಲೀಸ್ ಆರ್‌ಟಿ ಬೈಕಿಗೆ ಪರಿಕರ ಹೊಂದದಿದ್ದಾಗ: ದೋಷ ನಿವಾರಣೆ ಕೈಪಿಡಿ

ಕ್ಯಾಲಿಫೋರ್ನಿಯಾ ಹೈವೇ ಪೆಟ್ರೋಲ್ ಸೇರಿದಂತೆ ಅಮೆರಿಕದ ಹಲವು ಪೊಲೀಸ್ ಇಲಾಖೆಗಳು ವರ್ಷಗಟ್ಟಲೆ ಓಡಿಸಿದ ಬಿಎಂಡಬ್ಲ್ಯು ಆರ್ 1200 ಆರ್‌ಟಿ-ಪಿ ಬೈಕುಗಳು ಸೇವೆಯಿಂದ ಬಿಡುಗಡೆಯಾದ ಮೇಲೆ ಹರಾಜಿಗೆ ಬರುತ್ತವೆ. 1170 ಸಿಸಿಯ ಬಾಕ್ಸರ್ ಎಂಜಿನ್, ಚೈನಿನ ಗೊಡವೆಯಿಲ್ಲದ ಶಾಫ್ಟ್ ಡ್ರೈವ್, ಗುಂಡಿ ಒತ್ತಿದರೆ ಏರಿ ಇಳಿಯುವ ವಿಂಡ್‌ಸ್ಕ್ರೀನ್, ಬೀಗವಿರುವ ಪಕ್ಕದ ಪೆಟ್ಟಿಗೆಗಳು, ಹೀಗೆ ದೂರಪ್ರಯಾಣಕ್ಕೆ ಬೇಕಾದದ್ದೆಲ್ಲ ಹೊಸ ಬೈಕಿನ ಬೆಲೆಯ ಒಂದು ಪಾಲಿಗೇ ಕೈಗೆ ಸಿಗುತ್ತದೆ. ತೊಡಕು ಶುರುವಾಗುವುದು ಆಮೇಲೆ, ಪರಿಕರಗಳನ್ನು ಕೊಳ್ಳುವಾಗ. ‘ಆರ್ 1200 ಆರ್‌ಟಿಗೆ ಹೊಂದುತ್ತದೆ’ ಎಂದು ಬರೆದಿರುವ ಟಾಪ್ ಬಾಕ್ಸ್ ಕೂಡುವುದಿಲ್ಲ, ಹಿಂಬದಿ ಸೀಟಿಗೆ ಕೂರಲು ಜಾಗವೇ ಇರುವುದಿಲ್ಲ, ವಿದ್ಯುತ್ತಿನಿಂದ ಬೆಚ್ಚಗಾಗುವ ಬಿಸಿ ಜಾಕೆಟ್ ಬೈಕಿನ ಸಾಕೆಟ್ಟಿಗೆ ಸಿಕ್ಕಿಸಿದ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ, ಒಂದು ವಾರ ನಿಲ್ಲಿಸಿದ ಬೈಕು ಸ್ಟಾರ್ಟ್ ಆಗುವುದಿಲ್ಲ. ಅಮೆರಿಕದಲ್ಲಿ ಇಂತಹ ಬೈಕನ್ನು ಕೊಂಡಿರುವ ಅಥವಾ ಕೊಳ್ಳಬೇಕೆಂದಿರುವ ಕನ್ನಡಿಗ ಸವಾರರಿಗೆ ಈ ತೊಂದರೆಗಳ ಮೂಲವನ್ನು ಕ್ರಮವಾಗಿ ಹುಡುಕುವ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಆರ್‌ಟಿ-ಪಿ ಬೇರೆ ಜಾತಿಯ ಬೈಕೇನೂ ಅಲ್ಲ. ಸಾಮಾನ್ಯ ಆರ್‌ಟಿಯ ಮೇಲೆ ರೇಡಿಯೊ, ಸೈರನ್, ಎಚ್ಚರಿಕೆ ದೀಪಗಳು, ಅವುಗಳನ್ನು ನಡೆಸಲು ಎರಡನೆಯ ಬ್ಯಾಟರಿ ಮತ್ತು ಪ್ರತ್ಯೇಕ ವೈರಿಂಗ್ ಎಂಬ ಇನ್ನೊಂದು ಇಡೀ ವ್ಯವಸ್ಥೆಯನ್ನು ಕೂಡಿಸಿರುತ್ತಾರೆ. ಮಾರಾಟಕ್ಕೆ ಬಿಡುವಾಗ ಬೆಲೆಬಾಳುವ ರೇಡಿಯೊ, ಸೈರನ್ನು, ದೀಪಗಳನ್ನು ಕಳಚಿಕೊಂಡು ವೈರು, ರಿಲೇ (ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟಿನ ದಾರಿಯನ್ನು ತೆರೆದು ಮುಚ್ಚುವ ಸ್ವಿಚ್ಚು), ಬ್ರಾಕೆಟ್ಟುಗಳನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟಿರುತ್ತಾರೆ. ಪರಿಕರ ಹೊಂದದಿದ್ದಾಗ ನಾವು ಪರಿಕರವನ್ನು ದೂರುತ್ತೇವೆ, ಇಲ್ಲವೇ ಮಾರಿದವನನ್ನು ದೂರುತ್ತೇವೆ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷ ಅಡಗಿರುವುದು ಬೈಕಿನಲ್ಲಿ ಉಳಿದುಹೋದ ಆ ಅರ್ಧ ವ್ಯವಸ್ಥೆಯಲ್ಲಿ. ಆದ್ದರಿಂದ ಏನು ಕೊಳ್ಳಬೇಕು ಎಂಬುದಕ್ಕಿಂತ ಮೊದಲು ಏನು ಉಳಿದಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಇಡೀ ಪರೀಕ್ಷೆಗೆ ಬೇಕಾಗುವ ಸಾಮಾನು ಸ್ವಲ್ಪವೇ: ಒಂದು ಡಿಜಿಟಲ್ ಮಲ್ಟಿಮೀಟರ್, ಟಿ25 ಮತ್ತು ಟಿ30 ಟಾರ್ಕ್ಸ್ ಬಿಟ್ಟುಗಳು, ಒಂದು ವರ್ನಿಯರ್ ಕ್ಯಾಲಿಪರ್, ಒಳ್ಳೆಯ ಟಾರ್ಚು, ಗುರುತು ಹಚ್ಚಲು ಕಾಗದದ ಟೇಪು.

ಮೊದಲು ಬೈಕಿನ ತಲೆಮಾರನ್ನು ಗುರುತಿಸಿ

‘ಆರ್ 1200 ಆರ್‌ಟಿ’ ಎಂಬ ಒಂದೇ ಹೆಸರಿನಡಿ ಮೂರು ತಲೆಮಾರುಗಳಿವೆ. 2005ರಿಂದ 2009ರವರೆಗಿನದು ಮೊದಲನೆಯದು. 2010ರಿಂದ 2013ರವರೆಗಿನದು ಪ್ರತಿ ಸಿಲಿಂಡರ್ ತಲೆಯಲ್ಲಿ ಎರಡು ಕ್ಯಾಮ್ ಶಾಫ್ಟ್ ಇರುವ ಎರಡನೆಯದು. 2014ರಿಂದ ಬಂದದ್ದು ನೀರಿನಿಂದ ತಂಪಾಗುವ ಎಂಜಿನ್ನಿನ ಮೂರನೆಯದು. ಮೂರನೆಯ ತಲೆಮಾರಿಗೂ ಮೊದಲ ಎರಡಕ್ಕೂ ಚೌಕಟ್ಟು, ಮೈಕವಚ ಯಾವುದರಲ್ಲಿಯೂ ಹೋಲಿಕೆಯಿಲ್ಲ ಎಂದೇ ಭಾವಿಸಿ ನಡೆಯುವುದು ಕ್ಷೇಮ. ಮೊದಲ ಎರಡರ ನಡುವೆ ಅನೇಕ ಭಾಗಗಳು ಅದಲುಬದಲಾಗುತ್ತವೆಯಾದರೂ ಹ್ಯಾಂಡಲ್ಲಿನ ಸ್ವಿಚ್ಚುಗಳು, ಮೀಟರುಗಳು, ಆಡಿಯೊ ಇವು ಬೇರೆ. ಹರಾಜಿನ ಕಾಗದದಲ್ಲಿ ವರ್ಷ ತಪ್ಪಾಗಿ ನಮೂದಾಗಿದೆ ಎಂಬ ಅನುಮಾನ ಬಂದರೆ ಇಂಡಿಕೇಟರ್ ಗುಂಡಿಗಳನ್ನು ನೋಡಿ. ಎಡಕ್ಕೆ ಎಡಗೈಯಲ್ಲಿ, ಬಲಕ್ಕೆ ಬಲಗೈಯಲ್ಲಿ, ನಂದಿಸಲು ಮತ್ತೊಂದು ಎಂದು ಮೂರು ಗುಂಡಿಗಳಿದ್ದರೆ ಅದು ಮೊದಲ ತಲೆಮಾರು. ಎಲ್ಲವೂ ಎಡಗೈಯ ಒಂದೇ ಸ್ವಿಚ್ಚಿನಲ್ಲಿದ್ದರೆ ಅನಂತರದ್ದು.

ಖಚಿತವಾದ ಗುರುತು ಬೇಕೆಂದರೆ ಚಾಸಿಸ್ ನಂಬರನ್ನೇ ಆಶ್ರಯಿಸಬೇಕು. ಅದರ 17 ಅಕ್ಷರಗಳಲ್ಲಿ ಕೊನೆಯ 7 ಅನ್ನು ಬಿಎಂಡಬ್ಲ್ಯು ಬಿಡಿಭಾಗಗಳ ಪಟ್ಟಿಯಲ್ಲಿ ಕೊಟ್ಟರೆ ಬೈಕು ಯಾವ ಮಾದರಿಯದು, ಯಾವ ತಿಂಗಳಿನಲ್ಲಿ ತಯಾರಾದದ್ದು ಎಂಬುದು ತಿಳಿಯುತ್ತದೆ. ಬಿಎಂಡಬ್ಲ್ಯು ಬಿಡಿಭಾಗದ ಸಂಖ್ಯೆಯಲ್ಲಿ 11 ಅಂಕಿಗಳಿದ್ದು, ಮೊದಲ ಎರಡು ಅಂಕಿಗಳು ಆ ಭಾಗ ಯಾವ ಗುಂಪಿಗೆ ಸೇರಿದ್ದೆಂದು ಹೇಳುತ್ತವೆ: 46 ಎಂದರೆ ಚೌಕಟ್ಟು ಮತ್ತು ಮೈಕವಚ, 52 ಸೀಟು, 61 ವಿದ್ಯುತ್ ವ್ಯವಸ್ಥೆ, 63 ದೀಪಗಳು, 71 ಹೆಚ್ಚುವರಿ ಸಲಕರಣೆ, 77 ಪರಿಕರಗಳು. ಪರಿಕರ ಮಾರುವವರು ಕೊಡುವ ‘ಹೊಂದುತ್ತದೆ’ ಎಂಬ ಭರವಸೆಗಿಂತ ಈ ಸಂಖ್ಯೆಗೆ ಬೆಲೆ ಹೆಚ್ಚು. ಬೈಕಿನಿಂದ ಬಿಚ್ಚಿದ ಹಳೆಯ ಭಾಗದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೂ ಕೊಳ್ಳಬೇಕೆಂದಿರುವ ಭಾಗದ ಸಂಖ್ಯೆಯನ್ನೂ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ, ಅರ್ಧದಷ್ಟು ಸಂಶಯಗಳು ಕಾಸು ಖರ್ಚಿಲ್ಲದೆ ಅಲ್ಲಿಯೇ ಬಗೆಹರಿಯುತ್ತವೆ.

ಭೌತಿಕವಾಗಿ ಕೂಡದ ಪರಿಕರ

ಸಾಮಾನ್ಯ ಆರ್‌ಟಿಯಲ್ಲಿ ಸವಾರನ ಸೀಟು ಮತ್ತು ಹಿಂಬದಿ ಸೀಟು ಬೇರೆಬೇರೆಯಾಗಿದ್ದು, ಸವಾರನ ಸೀಟಿನ ಎತ್ತರವನ್ನು 820 ಮತ್ತು 840 ಮಿಲಿಮೀಟರ್ ನಡುವೆ ಬದಲಿಸಬಹುದು. ಪೊಲೀಸ್ ಮಾದರಿಯಲ್ಲಿ ಹಿಂಬದಿ ಸೀಟು ಇರಬೇಕಾದ ಜಾಗದಲ್ಲಿ ರೇಡಿಯೊ ಪೆಟ್ಟಿಗೆ ಇರುತ್ತದೆ. ಹೀಗಾಗಿ ಟಾಪ್ ಬಾಕ್ಸ್ ಕೂಡುತ್ತಿಲ್ಲ ಎಂಬ ದೂರಿನ ಹಿಂದೆ ಒಂದು ಭಾಗದ ಕೊರತೆಯಿರುವುದಿಲ್ಲ, ಒಂದು ಸರಣಿಯ ಕೊರತೆಯಿರುತ್ತದೆ. ಟಾಪ್ ಬಾಕ್ಸ್ ಕೂರುವುದು ಲಗೇಜ್ ರ‍್ಯಾಕಿನ ಮೇಲೆ. ಆ ರ‍್ಯಾಕು, ಹಿಂಬದಿಯವರು ಹಿಡಿದುಕೊಳ್ಳುವ ಹಿಡಿಕೆಗಳು, ಸೀಟಿನ ಬೀಗ ಮತ್ತು ಕೊಕ್ಕೆ ಇವೆಲ್ಲ ಒಂದಕ್ಕೊಂದು ಸೇರಿಕೊಂಡಿರುವ ವ್ಯವಸ್ಥೆ. ಸೀಟನ್ನು ಮಾತ್ರ ಕೊಂಡರೆ ಅದು ಗಾಳಿಯಲ್ಲಿ ನಿಲ್ಲುತ್ತದೆ, ರ‍್ಯಾಕನ್ನು ಮಾತ್ರ ಕೊಂಡರೆ ಬೋಲ್ಟು ಹಾಕಲು ತೂತು ಸಿಗುವುದಿಲ್ಲ.

ಪರೀಕ್ಷಿಸುವ ಕ್ರಮ ಹೀಗಿರಲಿ. ರೇಡಿಯೊ ಪೆಟ್ಟಿಗೆಯನ್ನೂ ಅದರ ಕೆಳಗಿನ ಬ್ರಾಕೆಟ್ಟನ್ನೂ ಪೂರ್ತಿಯಾಗಿ ಬಿಚ್ಚಿ, ಹಿಂಬದಿ ಚೌಕಟ್ಟು ಬರಿದಾಗಿ ಕಾಣುವಂತೆ ಮಾಡಿ. ಪೆಟ್ಟಿಗೆಯ ಬೋಲ್ಟುಗಳು ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ಹಾಕಿದ, ತಿರುಪಿನ ಎಳೆಯಿರುವ ತೂತುಗಳಲ್ಲಿ ಕೂತಿವೆಯೇ, ಇಲ್ಲವೇ ಸಲಕರಣೆ ಅಳವಡಿಸಿದವರು ಆಮೇಲೆ ಕೊರೆದ ತೂತುಗಳಲ್ಲಿ ಕೂತಿವೆಯೇ ಎಂದು ಗಮನಿಸಿ. ಕಾರ್ಖಾನೆಯ ತೂತಿನ ಅಂಚು ನುಣುಪಾಗಿ, ಬಣ್ಣ ಒಳಗಿನವರೆಗೂ ಹಬ್ಬಿರುತ್ತದೆ. ಆಮೇಲೆ ಕೊರೆದದ್ದರ ಅಂಚಿನಲ್ಲಿ ಬಣ್ಣ ಎದ್ದು, ಲೋಹದ ಸಣ್ಣ ಮುಳ್ಳುಗಳು ಬೆರಳಿಗೆ ತಾಗುತ್ತವೆ, ಸುತ್ತ ತುಕ್ಕಿನ ಉಂಗುರ ಕಾಣುತ್ತದೆ. ಕಾರ್ಖಾನೆಯ ತೂತುಗಳ ಮಧ್ಯಬಿಂದುವಿನಿಂದ ಮಧ್ಯಬಿಂದುವಿಗೆ ಎಷ್ಟು ಅಂತರವಿದೆ ಎಂದು ಕ್ಯಾಲಿಪರಿನಿಂದ ಅಳೆದು ಬರೆದಿಟ್ಟುಕೊಳ್ಳಿ. ರ‍್ಯಾಕು ಮಾರುವವರನ್ನು ‘ನನ್ನ ಬೈಕಿಗೆ ಆಗುತ್ತದೆಯೇ’ ಎಂದು ಕೇಳಿದರೆ ಆಗುತ್ತದೆ ಎಂದೇ ಹೇಳುತ್ತಾರೆ. ‘ಮುಂದಿನ ಎರಡು ಬೋಲ್ಟುಗಳ ನಡುವೆ ಎಷ್ಟು ಮಿಲಿಮೀಟರ್’ ಎಂದು ಕೇಳಿದರೆ ಅಳೆದು ಹೇಳಲೇಬೇಕಾಗುತ್ತದೆ.

ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವ ಉದ್ದೇಶವಿದ್ದರೆ ಸೀಟಿನ ಮಾತನ್ನು ಆಮೇಲೆ ಇಟ್ಟುಕೊಂಡು, ಹಿಂಬದಿಯ ಫುಟ್‌ರೆಸ್ಟುಗಳೂ ಅವುಗಳ ಬ್ರಾಕೆಟ್ಟುಗಳೂ ಇವೆಯೇ ಎಂದು ಮೊದಲು ನೋಡಬೇಕು. ಅವು ಇಲ್ಲದಿದ್ದರೆ ಸೀಟು ಎಷ್ಟೇ ಚೆನ್ನಾಗಿ ಕೂತರೂ ಅದರ ಮೇಲೆ ಮನುಷ್ಯರನ್ನು ಕೂರಿಸುವಂತಿಲ್ಲ. ತೂಕದ ಲೆಕ್ಕವನ್ನೂ ಇಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು. ಮೊದಲ ತಲೆಮಾರಿನ ಸಾಮಾನ್ಯ ಆರ್‌ಟಿಯ ತೂಕ ಇಂಧನ ತುಂಬಿದಾಗ 259 ಕಿಲೋ, ಅನುಮತಿಯಿರುವ ಒಟ್ಟು ತೂಕ 495 ಕಿಲೋ. ಪೊಲೀಸ್ ಮಾದರಿಯಲ್ಲಿ ಎರಡನೆಯ ಬ್ಯಾಟರಿ, ಕ್ರ್ಯಾಶ್ ಗಾರ್ಡುಗಳು, ಬ್ರಾಕೆಟ್ಟುಗಳು ಸೇರಿ 259 ಎಂಬ ಅಂಕಿ ಮೇಲೇರಿರುತ್ತದೆ. ಅಷ್ಟರಮಟ್ಟಿಗೆ ಸವಾರರಿಗೂ ಸಾಮಾನಿಗೂ ಉಳಿಯುವ ಪಾಲು ಕಡಿಮೆಯಾಗುತ್ತದೆ. ಬಳಸದ ಬ್ರಾಕೆಟ್ಟುಗಳನ್ನು ಕಳಚಿ ಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಕ್ರ್ಯಾಶ್ ಗಾರ್ಡಿನದು ಬೇರೆ ಬಗೆಯ ತಕರಾರು. ಸಿಲಿಂಡರನ್ನು ಕಾಯುವ ಮುಂದಿನ ಗಾರ್ಡು ಮತ್ತು ಪಕ್ಕದ ಪೆಟ್ಟಿಗೆಗಳನ್ನು ಕಾಯುವ ಹಿಂದಿನ ಗಾರ್ಡು ಎರಡೂ ಗಟ್ಟಿಮುಟ್ಟಾದವು, ಉಳಿಸಿಕೊಳ್ಳಲು ಯೋಗ್ಯವಾದವು. ಆದರೆ ಸಾಮಾನ್ಯ ಆರ್‌ಟಿಗೆಂದು ಮಾಡಿದ ಸಿಲಿಂಡರ್ ಕವಚವನ್ನೋ ಫಾಗ್ ಲ್ಯಾಂಪಿನ ಬ್ರಾಕೆಟ್ಟನ್ನೋ ಕೊಂಡರೆ ಅದು ಈ ಗಾರ್ಡು ನಿಂತಿರುವ ಜಾಗವನ್ನೇ ಕೇಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎಚ್ಚರಿಕೆ ದೀಪಗಳಿದ್ದ ಗಾರ್ಡಿನ ಬ್ರಾಕೆಟ್ಟುಗಳಿಗೆ ಫಾಗ್ ಲ್ಯಾಂಪುಗಳನ್ನು ಹಾಕಿಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಹೊಸ ಬ್ರಾಕೆಟ್ ಕೊಳ್ಳುವುದಕ್ಕಿಂತ ಉತ್ತಮ, ಏಕೆಂದರೆ ಅವು ಅಲುಗಾಟವನ್ನು ವರ್ಷಗಟ್ಟಲೆ ತಡೆದು ತೋರಿಸಿವೆ. ಅಗಲವಾದ ಪೆಟ್ಟಿಗೆ ಮುಚ್ಚಳಗಳನ್ನು ಕೊಳ್ಳುವವರು ಹಿಂದಿನ ಗಾರ್ಡು ಇರುವಾಗ ಮುಚ್ಚಳ ಪೂರ್ತಿ ತೆರೆಯುತ್ತದೆಯೇ ಎಂದು ಅಳೆದು ನೋಡಬೇಕು.

ಫೋನು ಅಥವಾ ಜಿಪಿಎಸ್ ಹಿಡಿಕೆಯ ವಿಷಯದಲ್ಲಿ ದೋಷ ಪೊಲೀಸ್ ಮಾದರಿಯದಲ್ಲ. ಆರ್‌ಟಿಯ ಹ್ಯಾಂಡಲ್ ದುಂಡನೆಯ ಕೊಳವೆಯಲ್ಲ, ಎರಕದ ಎರಡು ತುಂಡು. ಆದ್ದರಿಂದ 22 ಮಿಲಿಮೀಟರ್ ಕೊಳವೆಗೆ ಕಚ್ಚುವ ಕ್ಲಾಂಪು ಅದಕ್ಕೆ ಕೂಡುವುದಿಲ್ಲ. ಬ್ರೇಕ್ ಅಥವಾ ಕ್ಲಚ್ಚಿನ ದ್ರವದ ಡಬ್ಬಿಯ ಬಳಿಯ ಬೋಲ್ಟಿಗೆ ಸೇರುವ ಚೆಂಡಿನ ಹಿಡಿಕೆ ಬೇಕು. ಟೈರುಗಳಲ್ಲಿ ಗೊಂದಲವೇ ಇಲ್ಲ: ಮುಂದೆ 120/70 17, ಹಿಂದೆ 180/55 17, ಸಾಮಾನ್ಯ ಆರ್‌ಟಿಯ ಅಳತೆಯೇ.

ಕೂಡಿದರೂ ಕೆಲಸ ಮಾಡದ ಪರಿಕರ

ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಈ ಬೈಕಿನಲ್ಲಿ ದೀಪ, ಹಾರನ್ನು, ಸಾಕೆಟ್ಟುಗಳಿಗೆಂದು ಹಳೆಯ ಬೈಕುಗಳಂತೆ ಫ್ಯೂಸುಗಳ ಸಾಲು ಇಲ್ಲ. ಕ್ಯಾನ್ ಬಸ್ ಎಂಬ ಸಂದೇಶ ಜಾಲವಿದ್ದು, ಜೆಡ್‌ಎಫ್‌ಇ ಎಂದು ಕರೆಯುವ ಒಂದು ಎಲೆಕ್ಟ್ರಾನಿಕ್ ಘಟಕ ಪ್ರತಿಯೊಂದು ದಾರಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಅಳೆಯುತ್ತಲೇ ಇರುತ್ತದೆ. ಮಿತಿ ಮೀರಿದರೆ ಆ ದಾರಿಯನ್ನು ತಾನೇ ಮುಚ್ಚುತ್ತದೆ; ಇಗ್ನಿಷನ್ ಆರಿಸಿ ಮತ್ತೆ ಹಾಕಿದಾಗ ತೆರೆಯುತ್ತದೆ. ಬ್ಯಾಟರಿಯ ವೋಲ್ಟೇಜು ಇಳಿದಾಗಲೂ ಸಾಕೆಟ್ಟುಗಳನ್ನು ಅದು ಮುಚ್ಚುತ್ತದೆ. ಇದರ ಪಕ್ಕದಲ್ಲಿ, ಇದಕ್ಕೆ ಸಂಬಂಧವೇ ಇಲ್ಲದಂತೆ, ಎರಡನೆಯ ಬ್ಯಾಟರಿಯಿಂದ ಹೊರಟ ಪೊಲೀಸ್ ಸಲಕರಣೆಯ ದಾರಿ ಇದೆ. ಅದರಲ್ಲಿ ಮಾಮೂಲಿ ಫ್ಯೂಸುಗಳೂ ರಿಲೇಗಳೂ ಇರುತ್ತವೆ. ಹೊಸ ಪರಿಕರವನ್ನು ಈ ಎರಡರಲ್ಲಿ ಯಾವುದಕ್ಕೆ ಕೂಡಿಸಿದ್ದೇವೆ ಎಂದು ತಿಳಿಯದೆ ದೋಷ ಹುಡುಕಲು ಹೊರಟರೆ ದಿನವಿಡೀ ಸುತ್ತಬೇಕಾಗುತ್ತದೆ.

ಬಿಸಿ ಜಾಕೆಟ್ಟಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜಾಕೆಟ್ 77 ವ್ಯಾಟಿನದು ಎಂದಿಟ್ಟುಕೊಳ್ಳಿ. ಎಂಜಿನ್ ಓಡುವಾಗ ವೋಲ್ಟೇಜು 14ರ ಆಸುಪಾಸಿನಲ್ಲಿರುತ್ತದೆಯಾದ್ದರಿಂದ 77 ಅನ್ನು 14ರಿಂದ ಭಾಗಿಸಿದರೆ 5.5 ಆಂಪಿಯರ್ ಬರುತ್ತದೆ. ನಿಮ್ಮ ಬೈಕಿನ ಕೈಪಿಡಿಯ ತಾಂತ್ರಿಕ ವಿವರಗಳ ಪುಟದಲ್ಲಿ ಸಾಕೆಟ್ಟಿನ ಮಿತಿ 5 ಆಂಪಿಯರ್ ಎಂದಿದ್ದರೆ ಜಾಕೆಟ್ಟು ಆರಿಹೋಗುವುದು ದೋಷವಲ್ಲ, ಘಟಕ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಮಿತಿ ಹೆಚ್ಚಿದ್ದರೂ ಗ್ಲೌಸುಗಳನ್ನು ಅದೇ ತಂತಿಗೆ ಸೇರಿಸಿದಾಗ ಅದು ಮೀರಬಹುದು. ಪರೀಕ್ಷೆ ಸುಲಭ: ಜಾಕೆಟ್ಟನ್ನು ತೆಗೆದು, ಇಗ್ನಿಷನ್ ಆರಿಸಿ ಹಾಕಿ, 1 ಅಥವಾ 2 ಆಂಪಿಯರ್ ಮಾತ್ರ ಎಳೆಯುವ ಫೋನ್ ಚಾರ್ಜರನ್ನು ಅದೇ ಸಾಕೆಟ್ಟಿಗೆ ಸಿಕ್ಕಿಸಿ. ಅದು ನಿಲ್ಲದೆ ನಡೆದರೆ ಸಾಕೆಟ್ಟೂ ವೈರೂ ಸರಿಯಿವೆ, ಹೊರೆ ಮಾತ್ರ ಹೆಚ್ಚು. ಅದೂ ಆರಿದರೆ ವೈರಿನಲ್ಲಿ ಎಲ್ಲೋ ಶಾರ್ಟ್ ಇದೆ ಅಥವಾ ಬ್ಯಾಟರಿ ಸೋತಿದೆ. ಬಿಎಂಡಬ್ಲ್ಯು ಸಾಕೆಟ್ಟು ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗಿಂತ ಕಿರಿದು ಎಂಬುದನ್ನೂ ಮರೆಯಬಾರದು. ಅಡಾಪ್ಟರ್ ಸಡಿಲವಾಗಿದ್ದರೆ ಅಲುಗಾಟಕ್ಕೆ ಸಂಪರ್ಕ ತಪ್ಪುತ್ತದೆ, ಅದು ನೋಡಲು ಮಿತಿ ಮೀರಿದ ಲಕ್ಷಣದಂತೆಯೇ ಇರುತ್ತದೆ. ವ್ಯತ್ಯಾಸ ಏನೆಂದರೆ, ಸಡಿಲ ಸಂಪರ್ಕ ಇಗ್ನಿಷನ್ ಮುಟ್ಟದೆಯೇ ಮತ್ತೆ ಬರುತ್ತದೆ, ಘಟಕ ಮುಚ್ಚಿದ್ದು ಹಾಗೆ ಬರುವುದಿಲ್ಲ.

ಹೊರೆ ಹೆಚ್ಚು ಎಂದು ಖಚಿತವಾದರೆ ಪರಿಹಾರ ಒಂದೇ: ಶಕ್ತಿಯನ್ನು ನೇರವಾಗಿ ಬ್ಯಾಟರಿಯಿಂದ ತರುವುದು, ಸಾಕೆಟ್ಟಿನ ದಾರಿಯನ್ನು ರಿಲೇಗೆ ಸೂಚನೆ ಕೊಡಲು ಮಾತ್ರ ಬಳಸುವುದು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ವೈರು, 87ಕ್ಕೆ ಪರಿಕರ, 86ಕ್ಕೆ ಸಾಕೆಟ್ಟಿನ ಧನ ತಂತಿ, 85ಕ್ಕೆ ಅರ್ತ್. ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ದೂರದಲ್ಲಿದ್ದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇರುವುದಿಲ್ಲ. ಸಾಧಾರಣ 12 ವೋಲ್ಟ್ ರಿಲೇಯ ಸುರುಳಿ ಎಳೆಯುವುದು ಸುಮಾರು 150 ಮಿಲಿ ಆಂಪಿಯರ್ ಮಾತ್ರ, ಆದ್ದರಿಂದ ಸಾಕೆಟ್ಟಿನ ದಾರಿಗೆ ಅದು ಹೊರೆಯಾಗುವುದಿಲ್ಲ. ಸುರುಳಿಗೆ ಡಯೋಡ್ ಇರುವ ರಿಲೇಯನ್ನೇ ಕೊಳ್ಳಿ, ಅದರಲ್ಲಿ 85 ಮತ್ತು 86 ಅನ್ನು ಅದಲುಬದಲು ಮಾಡಬೇಡಿ. ಯಾವ ಕಾರಣಕ್ಕೂ ಕ್ಯಾನ್ ಬಸ್ಸಿನ ತಂತಿಗಳನ್ನು ಸೀಳಿ ಪರಿಕರ ಕೂಡಿಸಬಾರದು. ಹಳೆಯ ಕಾಲದ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಅವುಗಳಿಗೆ ತಾಗಿಸುವುದೂ ಬೇಡ, ಮಲ್ಟಿಮೀಟರ್ ಮಾತ್ರ ಸಾಕು.

ಪರಿಕರವನ್ನು ಪೊಲೀಸ್ ದಾರಿಯ ಯಾವುದೋ ಕನೆಕ್ಟರಿಗೆ ಕೂಡಿಸಿದ್ದರೆ ವಿಚಾರಣೆ ಬೇರೆ ರೀತಿಯದು. ಎರಡೂ ಬ್ಯಾಟರಿಗಳ ವೋಲ್ಟೇಜನ್ನು ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಅಳೆಯಿರಿ. ಆರೋಗ್ಯವಾಗಿರುವ ಎಜಿಎಂ (ದ್ರವ ಚೆಲ್ಲದಂತೆ ಮುಚ್ಚಿದ ಬಗೆಯ) ಬ್ಯಾಟರಿ 12.8 ವೋಲ್ಟಿನ ಸುತ್ತ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಅದು ಖಾಲಿಯಾಗಿದೆ ಎಂದರ್ಥ. ಅನಂತರ ಎಂಜಿನ್ ಓಡಿಸಿ, ವೇಗ ಸ್ವಲ್ಪ ಏರಿಸಿ, ಎರಡನ್ನೂ ಮತ್ತೆ ಅಳೆಯಿರಿ. ಮುಖ್ಯ ಬ್ಯಾಟರಿಯಲ್ಲಿ 14 ಕಂಡು ಎರಡನೆಯದರಲ್ಲಿ ಮೊದಲಿನ ಅಂಕಿಯೇ ಇದ್ದರೆ, ಎರಡನ್ನೂ ಕೂಡಿಸಬೇಕಾದ ರಿಲೇ ಕೆಲಸ ಮಾಡುತ್ತಿಲ್ಲ, ಇಲ್ಲವೇ ಸಲಕರಣೆ ಕೀಳುವಾಗ ಅದರ ವೈರನ್ನು ಕತ್ತರಿಸಿದ್ದಾರೆ. ಆ ಸ್ಥಿತಿಯಲ್ಲಿ ಕೂಡಿಸಿದ ಪರಿಕರ ಮೊದಲ ದಿನ ಚೆನ್ನಾಗಿ ನಡೆದು, ಎರಡನೆಯ ದಿನ ಮಂಕಾಗಿ, ಮೂರನೆಯ ದಿನ ಸಾಯುತ್ತದೆ. ಪಾಪ, ಪರಿಕರದ ತಪ್ಪು ಅದರಲ್ಲಿ ಏನೂ ಇಲ್ಲ.

ಎರಡೂ ಕಡೆ 14 ಬಂದು ಪರಿಕರದ ತುದಿಯಲ್ಲಿ ಕಡಿಮೆ ಬಂದರೆ, ನಡುವೆ ಎಲ್ಲೋ ಜಂಗು ಹಿಡಿದ ಸಂಪರ್ಕವಿದೆ. ಪರಿಕರವನ್ನು ಓಡಿಸುತ್ತಲೇ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಪರಿಕರದ ಧನ ತಂತಿಗೂ ಇಟ್ಟರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು ಗೊತ್ತಾಗುತ್ತದೆ. ಅರ್ತಿನ ಬದಿಯಲ್ಲಿಯೂ ಹಾಗೆಯೇ ಮಾಡಬೇಕು. ಬಿಎಂಡಬ್ಲ್ಯು ವೈರಿಂಗಿನಲ್ಲಿ ಅರ್ತ್ ತಂತಿ ಕಂದು ಬಣ್ಣದ್ದು. ಅರ್ಧ ವೋಲ್ಟಿಗಿಂತ ಹೆಚ್ಚು ಕಳೆಯುತ್ತಿದ್ದರೆ ಪ್ರತಿ ಕನೆಕ್ಟರನ್ನೂ ಬಿಚ್ಚಿ ನೋಡಿ. ಸಲಕರಣೆ ಅಳವಡಿಸಿದವರು ಹಾಕಿದ ವೈರುಗಳಿಗೆ ಬಿಎಂಡಬ್ಲ್ಯು ಬಣ್ಣದ ನಿಯಮ ಅನ್ವಯಿಸುವುದಿಲ್ಲ ಎಂಬ ಎಚ್ಚರವಿರಲಿ. ಅಲ್ಲಿ ಕಪ್ಪು ಅರ್ತ್ ಆಗಿರಬಹುದು, ಕೆಂಪು ಯಾವುದೂ ಆಗಿರಬಹುದು.

ನಿಂತಲ್ಲಿಯೇ ಬರಿದಾಗುವ ಬ್ಯಾಟರಿ

ರೇಡಿಯೊ ಪೆಟ್ಟಿಗೆಯ ತಳದಲ್ಲಿ ಸಾಮಾನ್ಯವಾಗಿ ಕಾಣುವ ನೋಟ ಇದು: ಕಪ್ಪು ಟೇಪು ಸುತ್ತಿದ ದಪ್ಪ ವೈರಿನ ಕಟ್ಟು, ಟೇಪಿನ ಅಂಟು ಬಿಸಿಲಿಗೆ ಕರಗಿ ಜಿಗುಟಾಗಿರುತ್ತದೆ, ಬಿಡಿಸಿದರೆ ಒಳಗೆ ಕತ್ತರಿಸಿದ ಏಳೆಂಟು ತುದಿಗಳು, ಕೆಲವು ತುದಿಗಳಲ್ಲಿ ತಾಮ್ರ ಹಸಿರುಗಟ್ಟಿರುತ್ತದೆ. ಆಂಟೆನಾ ತೆಗೆದ ತೂತಿಗೆ ರಬ್ಬರ್ ಬಿರಡೆ ಹಾಕದೆ ಬಿಟ್ಟಿದ್ದರೆ ಮಳೆನೀರು ಇದರ ಮೇಲೆಯೇ ಇಳಿಯುತ್ತದೆ. ಈ ತುದಿಗಳಲ್ಲಿ ಒಂದೆರಡು ಇನ್ನೂ ಬ್ಯಾಟರಿಗೆ ಜೀವಂತವಾಗಿ ಕೂಡಿರುವುದು ಅಪರೂಪವೇನಲ್ಲ.

ಸೋರಿಕೆಯನ್ನು ಅಳೆಯಲು ಇಗ್ನಿಷನ್ ಆರಿಸಿ, ಮುಖ್ಯ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಅಳತೆಯಲ್ಲಿಟ್ಟು ಸೇರಿಸಿ. ಮೊದಲು 10 ಆಂಪಿಯರ್ ಕಿಂಡಿಯನ್ನೇ ಬಳಸಿ, ಏಕೆಂದರೆ ಘಟಕಗಳು ಎಚ್ಚೆತ್ತುಕೊಳ್ಳುವಾಗ ಕರೆಂಟು ಒಮ್ಮೆಲೇ ಏರುತ್ತದೆ. ಅವು ಮತ್ತೆ ನಿದ್ರೆಗೆ ಜಾರಲು ಕೆಲವು ನಿಮಿಷ ಬಿಟ್ಟು ಅಂಕಿಯನ್ನು ಓದಿ. ಕೆಲವೇ ಮಿಲಿ ಆಂಪಿಯರ್ ಇದ್ದರೆ ಗಾಬರಿಯಿಲ್ಲ. 50 ಇದ್ದರೆ ದಿನಕ್ಕೆ 1.2 ಆಂಪಿಯರ್ ಗಂಟೆ ಹೋಗುತ್ತದೆ, 19 ಆಂಪಿಯರ್ ಗಂಟೆಯ ಬ್ಯಾಟರಿ ಸುಮಾರು 16 ದಿನದಲ್ಲಿ ಬರಿದು. 150ರ ಹತ್ತಿರ ಇದ್ದರೆ ನನ್ನ ಮೊದಲ ಅನುಮಾನ ಮೇಲೆ ಹೇಳಿದ ರಿಲೇ ಸುರುಳಿಯ ಮೇಲೆಯೇ: ಬಿಡದೆ ಸೆಳೆದುಕೊಂಡೇ ಇರುವ ಒಂದೇ ಒಂದು ರಿಲೇ ದಿನಕ್ಕೆ 3.6 ಆಂಪಿಯರ್ ಗಂಟೆ ನುಂಗಿ, ಐದಾರು ದಿನದಲ್ಲಿ ಬ್ಯಾಟರಿಯನ್ನು ಮುಗಿಸುತ್ತದೆ. ವಾರ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರಿಗೂ ಈ ಲೆಕ್ಕಕ್ಕೂ ತಾಳೆಯಾಗುವುದನ್ನು ಗಮನಿಸಿ.

ಮೀಟರನ್ನು ಹಾಗೆಯೇ ಬಿಟ್ಟು, ಪೊಲೀಸ್ ದಾರಿಯ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಯಾವುದೋ ಒಂದನ್ನು ತೆಗೆದಾಗ ಅಂಕಿ ದಿಢೀರನೆ ಇಳಿಯುತ್ತದೆ. ಆ ಫ್ಯೂಸಿನಿಂದ ಹೊರಟ ವೈರನ್ನು ಕೈಯಿಂದಲೇ ಹಿಂಬಾಲಿಸಿ, ಕಾಗದದ ಟೇಪಿನಲ್ಲಿ ಹೆಸರು ಬರೆದು ಅಂಟಿಸುತ್ತ ಕೊನೆಮುಟ್ಟಿ. ಎರಡನೆಯ ಬ್ಯಾಟರಿಗೂ ಇದೇ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕು. ಸಿಕ್ಕ ತುದಿಯನ್ನು ಮತ್ತೆ ಟೇಪು ಸುತ್ತಿ ಬಿಡಬೇಡಿ. ಮೂಲದಿಂದಲೇ ವೈರನ್ನು ತೆಗೆಯುವುದು ಉತ್ತಮ; ಮುಂದೆ ಬೇಕಾಗಬಹುದು ಎನಿಸಿದರೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ, ಫ್ಯೂಸನ್ನು ಹೊರಗಿಟ್ಟು, ಆ ಜಾಗದಲ್ಲಿ ಅದು ಏನೆಂದು ಬರೆದಿಡಿ. ಎರಡನೆಯ ಬ್ಯಾಟರಿಯನ್ನು ಉಳಿಸಿಕೊಳ್ಳಬೇಕೇ ಎಂದು ಕೇಳಿದರೆ, ಬಿಸಿ ಉಡುಪು, ಹೆಚ್ಚುವರಿ ದೀಪ, ಗಾಳಿ ಪಂಪು ಇವನ್ನೆಲ್ಲ ಬಳಸುವ ದೂರದ ಸವಾರರು ಉಳಿಸಿಕೊಳ್ಳಲಿ ಎನ್ನುತ್ತೇನೆ. ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಪರಿಕರಗಳಿಂದ ಬೇರೆಯಾಗಿಡುವ ಇಂತಹ ಏರ್ಪಾಡನ್ನು ಸಾಮಾನ್ಯ ಆರ್‌ಟಿಯಲ್ಲಿ ಹೊಸದಾಗಿ ಮಾಡಲು ಸಾಕಷ್ಟು ಹಣವೂ ಶ್ರಮವೂ ಬೇಕು. ಉಳಿದವರು ಅದನ್ನು ಪೂರ್ತಿಯಾಗಿ, ವೈರಿಂಗ್ ಸಮೇತ ತೆಗೆದುಬಿಡಲಿ. ಅರ್ಧಂಬರ್ಧ ಉಳಿಸಿಕೊಳ್ಳುವುದೇ ಎಲ್ಲ ತೊಂದರೆಯ ತವರು.

ಸೋತ ಬ್ಯಾಟರಿ ಇನ್ನೊಂದು ವೇಷದಲ್ಲಿಯೂ ಕಾಣಿಸಿಕೊಳ್ಳುತ್ತದೆ. 2007ರ ಮಾದರಿಗೆ ಮುಂಚಿನ ಆರ್‌ಟಿಗಳಲ್ಲಿ ಬ್ರೇಕಿಗೆ ವಿದ್ಯುತ್ ಪಂಪಿನ ನೆರವಿದೆ, ಮತ್ತು ಅದು ವೋಲ್ಟೇಜಿನ ಇಳಿತವನ್ನು ಸಹಿಸುವುದಿಲ್ಲ. ಹೊಸ ಪರಿಕರ ಹಾಕಿದ ಮೇಲೆ ಎಬಿಎಸ್ ದೀಪ ಮಿನುಗತೊಡಗಿದರೆ ಬ್ರೇಕಿನ ಘಟಕಕ್ಕೆ ಕೈಹಾಕುವ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ನೋಡಬೇಕು. ಆಮೇಲೂ ದೀಪ ಹೋಗದಿದ್ದರೆ ಬೈಕನ್ನು ಓಡಿಸದೆ ತಿಳಿದವರಿಗೆ ತೋರಿಸಬೇಕು. ಬ್ರೇಕಿನ ವಿಷಯದಲ್ಲಿ ಊಹೆಗೆ ಜಾಗವಿಲ್ಲ. ಚಾರ್ಜರನ್ನು ಬೈಕಿನ ಸಾಕೆಟ್ಟಿನ ಮೂಲಕ ಕೂಡಿಸುವುದಾದರೆ ಅದು ಕ್ಯಾನ್ ಬಸ್ಸಿಗೆಂದು ತಯಾರಾದದ್ದಾಗಿರಬೇಕು, ಇಲ್ಲದಿದ್ದರೆ ಘಟಕ ಸಾಕೆಟ್ಟನ್ನು ಮುಚ್ಚುತ್ತದೆ, ಬೆಳಗಿನ ತನಕ ಚಾರ್ಜರ್ ಸುಮ್ಮನೆ ನೇತಾಡುತ್ತಿರುತ್ತದೆ. ಬ್ಯಾಟರಿಯ ತುದಿಗಳಿಗೇ ನೇರವಾಗಿ ಕೂಡಿಸಿದರೆ ಸಾಮಾನ್ಯ ಚಾರ್ಜರ್ ಸಾಕು. ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಚಾರ್ಜ್ ಮಾಡಬೇಕೆಂಬುದು ನೆನಪಿರಲಿ.

ದೀಪಗಳು

ಹಳೆಯ ಬಲ್ಬನ್ನು ತೆಗೆದು ಎಲ್‌ಇಡಿ ಹಾಕಿದಾಗ ಬಲ್ಬು ಹೋಗಿದೆ ಎಂಬ ಎಚ್ಚರಿಕೆ ಮೀಟರಿನಲ್ಲಿ ಬರುವುದು, ಘಟಕ ಕರೆಂಟನ್ನು ಅಳೆಯುತ್ತಿರುವುದರಿಂದಲೇ. ಎಲ್‌ಇಡಿ ಎಳೆಯುವ ಕರೆಂಟು ಅಷ್ಟು ಕಡಿಮೆಯಾದ್ದರಿಂದ ಘಟಕಕ್ಕೆ ಬಲ್ಬು ಇಲ್ಲವೆಂದೇ ತೋರುತ್ತದೆ. ಕ್ಯಾನ್ ಬಸ್ಸಿಗೆ ಹೊಂದುವ ಎಲ್‌ಇಡಿಯನ್ನೇ ಕೊಳ್ಳಬೇಕು, ಇಲ್ಲವೇ ಹೊರೆಯ ರೆಸಿಸ್ಟರ್ ಸೇರಿಸಬೇಕು. ರೆಸಿಸ್ಟರ್ ಬಿಸಿಯಾಗುತ್ತದೆಯಾದ್ದರಿಂದ ಅದನ್ನು ಪ್ಲಾಸ್ಟಿಕ್ಕಿಗೆ ತಾಗದಂತೆ ಲೋಹದ ಮೇಲೆ ಕೂರಿಸಬೇಕು. ಎಲ್‌ಇಡಿ ಹಾಕದೆಯೂ ಈ ಎಚ್ಚರಿಕೆ ಬರುತ್ತಿದ್ದರೆ, ಪೊಲೀಸ್ ದೀಪಗಳಿಗಾಗಿ ಹಿಂದಿನ ದೀಪದ ವೈರನ್ನು ಯಾರಾದರೂ ಕವಲು ಮಾಡಿದ್ದರೇ ಎಂದು ನೋಡಿ. ಜಿಎಸ್-911ರಂತಹ ದೋಷ ಓದುವ ಸಾಧನವನ್ನು ಸೀಟಿನ ಕೆಳಗಿನ ದುಂಡನೆಯ 10 ಪಿನ್ ಕನೆಕ್ಟರಿಗೆ ಸೇರಿಸಿದರೆ ಯಾವ ದೀಪದ ದಾರಿ ಎಂಬುದು ಕೂಡಲೇ ತಿಳಿಯುತ್ತದೆ.

ಎಡಗೈಯ ಬಳಿ ಸೈರನ್ನಿಗೂ ಎಚ್ಚರಿಕೆ ದೀಪಕ್ಕೂ ಇದ್ದ ಸ್ವಿಚ್ಚುಗಳು ಹಾಗೆಯೇ ಉಳಿದಿದ್ದರೆ ಅವು ಒಳ್ಳೆಯ ಆಸ್ತಿ. ನೀರು ಹೋಗದಂತೆ ಮಾಡಿದ, ಗ್ಲೌಸು ತೊಟ್ಟ ಬೆರಳಿಗೂ ಸಿಗುವ ಸ್ವಿಚ್ಚುಗಳವು. ಯಾವ ಸ್ವಿಚ್ಚು ಯಾವ ವೈರಿಗೆ ಹೋಗುತ್ತದೆ ಎಂದು ಮೀಟರಿನ ಕಂಟಿನ್ಯುಟಿ ಸದ್ದಿನಿಂದ ಗುರುತಿಸಿಕೊಂಡು, ಫಾಗ್ ಲ್ಯಾಂಪಿನ ರಿಲೇಗೆ ಅದನ್ನೇ ಬಳಸಬಹುದು. ಆದರೆ ಕೆಂಪು ಅಥವಾ ನೀಲಿ ಎಚ್ಚರಿಕೆ ದೀಪ, ಸೈರನ್ ಇವುಗಳಲ್ಲಿ ಏನಾದರೂ ಬೈಕಿನಲ್ಲಿ ಉಳಿದಿದ್ದರೆ ಅದನ್ನು ತೆಗೆಯಲೇಬೇಕು. ಬೈಕಿನ ಬಣ್ಣವನ್ನೂ ನೋಡಿಕೊಳ್ಳಬೇಕು: ಕ್ಯಾಲಿಫೋರ್ನಿಯಾದಲ್ಲಿ ವಾಹನ ಸಂಹಿತೆಯ 27605ನೇ ಕಲಮು, ಕರ್ತವ್ಯದಲ್ಲಿರುವ ಪೊಲೀಸರ ವಾಹನದಂತೆ ಕಾಣುವ ಬಣ್ಣದ ವಾಹನವನ್ನು ಖಾಸಗಿಯವರು ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಬೇರೆ ರಾಜ್ಯಗಳಲ್ಲಿರುವವರು ತಮ್ಮ ರಾಜ್ಯದ ನಿಯಮವನ್ನು ಓದಿಕೊಳ್ಳಬೇಕು.

ಎಲ್ಲವನ್ನೂ ಹಾಕಿದ ಮೇಲೆ

ಈ ಬೈಕಿನ ಆಲ್ಟರ್ನೇಟರ್ ಕೊಡುವುದು ಹೆಚ್ಚೆಂದರೆ 720 ವ್ಯಾಟ್, ಅದೂ ಎಂಜಿನ್ ವೇಗ ಏರಿದಾಗ. ನಿಂತು ಗುನುಗುವಾಗ ಅದಕ್ಕಿಂತ ಬಹಳ ಕಡಿಮೆ. ಅದರಲ್ಲಿ ಬೈಕು ತನ್ನ ದೀಪ, ಇಂಧನ ಪಂಪು, ಇಗ್ನಿಷನ್ ಇವುಗಳಿಗೆ ತೆಗೆದುಕೊಂಡು ಉಳಿದದ್ದು ಪರಿಕರಗಳ ಪಾಲು. ಬಿಸಿ ಉಡುಪು ತೊಟ್ಟ ಇಬ್ಬರು, ಎರಡು 55 ವ್ಯಾಟಿನ ಫಾಗ್ ಲ್ಯಾಂಪು, ಬಿಸಿ ಹ್ಯಾಂಡಲ್ ಎಲ್ಲವೂ ಒಟ್ಟಿಗೆ ನಡೆದರೆ ಊರೊಳಗಿನ ಟ್ರಾಫಿಕ್ಕಿನಲ್ಲಿ ಬ್ಯಾಟರಿಯೇ ಕೈಯಿಂದ ಹಾಕಬೇಕಾಗುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆಯನ್ನು ಮನೆಯ ಮುಂದೆಯೇ ಮಾಡಿ: ಎಲ್ಲ ಪರಿಕರಗಳನ್ನೂ ಹಾಕಿ, ಎಂಜಿನ್ ಗುನುಗುತ್ತಿರುವಾಗ ಮುಖ್ಯ ಬ್ಯಾಟರಿಯ ವೋಲ್ಟೇಜು ನೋಡಿ. 13ಕ್ಕಿಂತ ಕೆಳಗಿಳಿದರೆ ಒಂದೊಂದನ್ನೇ ಆರಿಸುತ್ತ ಬನ್ನಿ; ಯಾವುದನ್ನು ಆರಿಸಿದಾಗ ಅಂಕಿ 13.5ರ ಮೇಲೆ ನಿಲ್ಲುತ್ತದೆಯೋ ಅದನ್ನು ಸಿಗ್ನಲ್ಲಿನಲ್ಲಿ ಆರಿಸಬೇಕಾದ ಪರಿಕರವೆಂದು ಗುರುತು ಹಾಕಿಕೊಳ್ಳಿ. ಅನಂತರ ಎಲ್ಲವನ್ನೂ ಆರಿಸಿ, ಇಗ್ನಿಷನ್ ತೆಗೆದು, ಸೋರಿಕೆಯ ಅಳತೆಯನ್ನು ಇನ್ನೊಮ್ಮೆ ಮಾಡಿ, ಆ ಅಂಕಿಯನ್ನು ದಿನಾಂಕದ ಸಮೇತ ಸೀಟಿನ ಕೆಳಗೆ ಅಂಟಿಸಿಡಿ. ಮುಂದೆ ಯಾವ ಪರಿಕರ ಸೇರಿಸಿದರೂ ಹೋಲಿಸಿ ನೋಡಲು ಆ ಅಂಕಿ ಬೇಕಾಗುತ್ತದೆ.